ಅವಸರ ಒಂದೇ, ಅರ್ಥ ಮೂರು

ತೆಲುಗು ಮಾತಾಡುವ ಸಹೋದ್ಯೋಗಿಯೊಬ್ಬರು ಮೆಸೇಜ್ ಹಾಕಿದ್ದಾರೆ ಅಂದುಕೊಳ್ಳಿ: ‘ಆ ಫೈಲು ಪಂಪಾಲ್ಸಿನ ಅವಸರಂ ಲೇದು.’ ತೆಲುಗು ಅಷ್ಟಿಷ್ಟು ಬರುವ ಕನ್ನಡಿಗರಿಗೆ ಇದು ಪೂರ್ತಿ ಅರ್ಥವಾದ ಹಾಗೇ ಅನಿಸುತ್ತದೆ. ಪಂಪು ಅಂದರೆ ಕಳಿಸು, ಲೇದು ಅಂದರೆ ಇಲ್ಲ. ಅವಸರವಂತೂ ನಮ್ಮದೇ ಪದ. ‘ಅವಸರ ಇಲ್ಲವಂತೆ, ನಾಳೆ ನಿಧಾನಕ್ಕೆ ಕಳಿಸಿದರಾಯ್ತು’ ಅಂತ ಸುಮ್ಮನಾಗುತ್ತಾರೆ. ಆದರೆ ಅವರು ಹೇಳಿದ್ದು, ಆ ಫೈಲು ಕಳಿಸುವ ಅಗತ್ಯವೇ ಇಲ್ಲ ಅಂತ. ತೆಲುಗಿನಲ್ಲಿ ಅವಸರಂ ಅಂದರೆ ಅಗತ್ಯ.

ಇದೇ ಪದವನ್ನು ಮಲಯಾಳಿಯೊಬ್ಬರು ಹೇಳಿದರೆ ಅರ್ಥ ಇನ್ನೂ ಬೇರೆ. ಅಲ್ಲಿ ಅವಸರಂ ಅಂದರೆ ಅವಕಾಶ. ಮಲಯಾಳಂ ಪತ್ರಿಕೆಯಲ್ಲಿ ‘ತೊಳಿಲವಸರಂ’ ಅಂತ ಕಂಡರೆ ಅದು ಉದ್ಯೋಗಾವಕಾಶ. ಯಾರಿಗೋ ಕೆಲಸದ ಆತುರ ಹತ್ತಿದೆ ಅಂತಲ್ಲ. ತಮಿಳಿನವರು ಮಾತ್ರ ನಮ್ಮ ಜೊತೆಗಿದ್ದಾರೆ. ಅವರಿಗೂ ಅವಸರಂ ಅಂದರೆ ಆತುರವೇ. ಮೂಲ ಸಂಸ್ಕೃತದಲ್ಲಿ ಇದು ‘ಸಂದರ್ಭ’, ‘ಸರಿಯಾದ ಸಮಯ’. ಒಬ್ಬರಿಗೆ ಸಮಯ ಅವಕಾಶವಾಗಿ ಕಂಡಿತು, ಇನ್ನೊಬ್ಬರಿಗೆ ಸಮಯ ಮೀರುತ್ತಿದೆ ಅನ್ನುವ ಧಾವಂತ, ಮತ್ತೊಬ್ಬರಿಗೆ ಅನಿವಾರ್ಯ.

ಪೂರ್ತಿ ಅಪರಿಚಿತ ಭಾಷೆ ಈ ಥರ ಮೋಸ ಮಾಡುವುದಿಲ್ಲ. ಗೊತ್ತಿಲ್ಲದ ಪದ ಎದುರಾದರೆ ನಾವು ಕೇಳುತ್ತೇವೆ, ನಿಘಂಟು ತೆಗೆಯುತ್ತೇವೆ. ಗೊತ್ತು ಅನಿಸಿದ ಪದಕ್ಕೆ ಯಾರೂ ನಿಘಂಟು ತೆಗೆಯುವುದಿಲ್ಲ ಅಲ್ವಾ? ಹಾಗಾಗಿ ಭಾಷೆಗಳು ಹತ್ತಿರ ಇದ್ದಷ್ಟೂ ಈ ಜಾತಿಯ ತಪ್ಪು ಜಾಸ್ತಿ. ನಾಲ್ಕು ಭಾಷೆಗಳಲ್ಲಿ ಡಬ್ ಆಗುವ ಸಿನಿಮಾ, ತಾನಾಗಿಯೇ ಮೂಡುವ ಸಬ್‌ಟೈಟಲ್, ಫೋನಿನಲ್ಲೇ ಅನುವಾದವಾಗುವ ಸುದ್ದಿ, ಇವೆಲ್ಲ ಬಂದ ಮೇಲೆ ನಾವು ಪಕ್ಕದ ಭಾಷೆಗಳನ್ನು ಹಿಂದೆಂದಿಗಿಂತ ಹೆಚ್ಚು ಓದುತ್ತಿದ್ದೇವೆ, ಕೇಳುತ್ತಿದ್ದೇವೆ. ಅಷ್ಟೇ ಹೆಚ್ಚಾಗಿ ಎಡವುತ್ತಲೂ ಇದ್ದೇವೆ.

ಇದು ನಮಗೊಬ್ಬರಿಗೇ ಬಂದ ಕಷ್ಟವಲ್ಲ. ಚೆಕ್ ಭಾಷೆಯಲ್ಲಿ ‘ಪೋಜೋರ್’ ಅಂದರೆ ಎಚ್ಚರಿಕೆ. ಅದರ ಬಳಗದ ರಷ್ಯನ್ ಭಾಷೆಯಲ್ಲಿ ಅದೇ ಪದಕ್ಕೆ ನಾಚಿಕೆಗೇಡು ಅಂತ ಅರ್ಥ. ಇಂಗ್ಲಿಷಿನ ‘ಗಿಫ್ಟ್’ ಉಡುಗೊರೆ, ಜರ್ಮನ್‌ನ ‘ಗಿಫ್ಟ್’ ವಿಷ. ಎರಡರ ಬೇರೂ ‘ಕೊಡು’ ಅನ್ನುವುದೇ. ಇಂಥ ಪದಗಳಿಗೆ ‘ಸುಳ್ಳು ಗೆಳೆಯರು’ ಅಂತ ಹೆಸರಿಟ್ಟಿದ್ದು 1928ರಲ್ಲಿ ಇಬ್ಬರು ಫ್ರೆಂಚ್ ವಿದ್ವಾಂಸರು. ಹೆಸರು ಚೆನ್ನಾಗಿದೆ, ಆದರೆ ನಮ್ಮ ಭಾಷೆಗಳ ಮಟ್ಟಿಗೆ ಅಷ್ಟು ಹೊಂದುವುದಿಲ್ಲ ಅನ್ನುವುದು ನನ್ನ ತಕರಾರು. ಇವರಲ್ಲಿ ಹೆಚ್ಚಿನವರು ಸುಳ್ಳರಲ್ಲ, ನಿಜವಾದ ನೆಂಟರೇ. ಬೇರೆ ಬೇರೆ ಮನೆಯಲ್ಲಿ ಬೆಳೆದರು, ಅಷ್ಟೇ.

ಹಳೆಯ ನೆಂಟಸ್ತಿಕೆ ಎಂಥದ್ದು ಅಂತ ನೋಡುವುದಕ್ಕೆ ‘ಬೀಡು’ ಒಳ್ಳೆಯ ಪದ. ಕನ್ನಡದಲ್ಲಿ ಸೈನ್ಯ ಬೀಡು ಬಿಡುತ್ತದೆ. ಅಂದರೆ ತಂಗುತ್ತದೆ. ತುಳುವಿನಲ್ಲಿ ಬೀಡು ಅಂದರೆ ಹಿಂದಿನ ಅರಸು ಮನೆತನಗಳ ದೊಡ್ಡ ಮನೆ. ತಮಿಳಿನಲ್ಲಿ ಇದು ‘ವೀಡು’, ಯಾರದೇ ಆಗಲಿ, ಸಾಮಾನ್ಯ ಮನೆ. ನಮ್ಮ ಬಕಾರ ಇರುವ ಕಡೆ ತಮಿಳಿನಲ್ಲಿ ವಕಾರ ಇರುವುದು ಮಾಮೂಲು: ಬಿಲ್ಲು–ವಿಲ್, ಬೇರು–ವೇರ್, ಬಿಡು–ವಿಡು. ಈ ‘ಬಿಡು’ವೇ ಬೀಡಿನ ಬೇರು. ಹೊರೆ ಇಳಿಸಿ, ಕಟ್ಟು ಬಿಚ್ಚಿ ನಿಲ್ಲುವ ಜಾಗ ಬೀಡು. ಅಲ್ಲೇ ನೆಲೆಸಿದರೆ ಮನೆ. ತಮಿಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಧರ್ಮ, ಅರ್ಥ, ಕಾಮ, ಮೋಕ್ಷಗಳನ್ನು ಅವರು ‘ಅಱಂ, ಪೊರುಳ್, ಇನ್ಬಂ, ವೀಡು’ ಅನ್ನುತ್ತಾರೆ. ಎಲ್ಲವನ್ನೂ ಬಿಟ್ಟು ಹೊರಟರೆ ಅದೂ ವೀಡು. ಮನೆಗೂ ಮೋಕ್ಷಕ್ಕೂ ಒಂದೇ ಪದ! ಇತ್ತ ತೆಲುಗಿನವರು ‘ವೀಡು’ ಅಂದರೆ ಅದು ‘ಇವನು’, ಅದೂ ಮರ್ಯಾದೆ ಕೊಡದೆ ಹೇಳುವ ಇವನು. ಈ ವೀಡಿಗೂ ತಮಿಳು ವೀಡಿಗೂ ಸಂಬಂಧವಿಲ್ಲ.

ತೆಲುಗಿನಲ್ಲಿ ‘ಬೀಡು’ ಅಂತಲೂ ಒಂದು ಪದವಿದೆ. ಪಾಳುಬಿದ್ದ, ಉಳದೆ ಬಿಟ್ಟ ಜಮೀನು ಅಂತ ಅರ್ಥ. ಕೇಳಿದ ಕೂಡಲೇ ‘ಬಿಟ್ಟ ನೆಲ, ಹಾಗಾಗಿ ಬೀಡು’ ಅಂತ ನಮ್ಮ ಬೀಡಿಗೇ ಗಂಟು ಹಾಕುವ ಆಸೆಯಾಗುತ್ತದೆ. ಸ್ವಲ್ಪ ತಡೆಯಬೇಕು. ಕನ್ನಡದ ‘ಏಳು’ ತೆಲುಗಿನಲ್ಲಿ ‘ಏಡು’, ‘ಕೋಳಿ’ ಅಲ್ಲಿ ‘ಕೋಡಿ’. ಹಳಗನ್ನಡದಲ್ಲಿ ೞ (ಈಗ ನಮ್ಮಲ್ಲಿ ಳ ಆಗಿರುವ ಹಳೆಯ ಅಕ್ಷರ) ಇದ್ದ ಕಡೆ ತೆಲುಗಿನಲ್ಲಿ ಡಕಾರ ಬರುವುದು ರೂಢಿ. ಅದೇ ಲೆಕ್ಕ ಹಿಡಿದರೆ ತೆಲುಗಿನ ಬೀಡಿಗೆ ಸರಿಯಾದ ಕನ್ನಡದ ಜೋಡಿ ‘ಬೀಳು’. ಬೀಳು ಬಿದ್ದ ಜಮೀನು ಅಂತ ನಾವೂ ಹೇಳುತ್ತೇವಲ್ಲ, ಅದೇ. ಅಂದರೆ ಕಣ್ಣಿಗೆ ಒಂದೇ ಥರ ಕಾಣುವ ಎರಡು ಬೀಡುಗಳು ನೆಂಟರಲ್ಲ. ಬೇರೆಯಾಗಿ ಕಾಣುವ ಬೀಡು–ಬೀಳು ನೆಂಟರು. ಇನ್ನು ಕನ್ನಡದ ಕೋಡಿ ಕೆರೆ ತುಂಬಿದಾಗ ನೀರು ಹರಿದು ಹೋಗುವ ಜಾಗ. ತೆಲುಗಿನವರ ಮುಂದೆ ‘ಕೋಡಿ ಹರಿಯಿತು’ ಅಂದರೆ ಪಾಪ, ಅವರು ಕೋಳಿಯನ್ನೇ ಹುಡುಕುತ್ತಾರೆ.

ಕೆರೆಯ ಮಾತು ಬಂತಲ್ಲ. ಕನ್ನಡದಲ್ಲಿ ‘ಏರಿ’ ಅಂದರೆ ಕೆರೆಗೆ ಕಟ್ಟಿದ ಮಣ್ಣಿನ ಒಡ್ಡು. ತಮಿಳಿನಲ್ಲಿ ಏರಿ ಅಂದರೆ ಕೆರೆಯೇ. ತಮಿಳು ಸುದ್ದಿಯಲ್ಲಿ ‘ಏರಿ ಉಡೈಂದದು’ ಅಂತ ಬಂದರೆ ಕನ್ನಡಿಗರು ‘ಏರಿ ಒಡೆಯಿತು’ ಅಂತ ತಿಳಿಯುತ್ತಾರೆ. ಮಜಾ ಅಂದರೆ, ಅರ್ಥ ತಪ್ಪಾಗಿ ತಿಳಿದರೂ ಘಟನೆ ತಪ್ಪಾಗುವುದಿಲ್ಲ. ಕೆರೆ ಒಡೆಯುವುದು ಅಂದರೆ ಏರಿ ಒಡೆಯುವುದೇ ತಾನೇ? ಒಂದು ಪದದ ಅರ್ಥ ಹೇಗೆ ಜಾರುತ್ತದೆ ಅನ್ನುವುದು ಇಂಥ ವಾಕ್ಯಗಳಲ್ಲೇ ಕಾಣುತ್ತದೆ. ಎರಡು ಅರ್ಥವೂ ಸಲ್ಲುವ ವಾಕ್ಯಗಳು ದಿನಾ ಬಳಕೆಯಲ್ಲಿದ್ದಾಗ, ಮುಂದಿನ ತಲೆಮಾರು ಎರಡರಲ್ಲಿ ಯಾವುದನ್ನು ಹಿಡಿದುಕೊಂಡರೂ ಮಾತು ನಡೆಯುತ್ತದೆ. ‘ಏರಿ ತುಂಬಿತು’ ಅನ್ನುವ ಹೊತ್ತಿಗೆ ಮಾತ್ರ ದಾರಿ ಬೇರೆಯಾಗಿರುವುದು ಗೊತ್ತಾಗುತ್ತದೆ.

ನೀರಿನ ಪದಗಳೆಲ್ಲ ಹೀಗೇ. ತಮಿಳಿನಲ್ಲಿ ವೆಳ್ಳಂ ಅಂದರೆ ನೆರೆ, ಮಲಯಾಳದಲ್ಲಿ ವೆಳ್ಳಂ ಅಂದರೆ ಬರೀ ನೀರು. ‘ವೆಳ್ಳಂ ವೇಣಂ’ ಅಂತ ಮಲಯಾಳಿ ಕೇಳಿದರೆ ಅವರಿಗೆ ಬಾಯಾರಿಕೆಯಾಗಿದೆ. ನಮಗೆ ತಣ್ಣೀರು ಅಂದರೆ ತಣ್ಣಗಿರುವ ನೀರು ಮಾತ್ರ. ತಮಿಳಿನಲ್ಲಿ ತಣ್ಣೀರ್ ಎಲ್ಲ ನೀರಿಗೂ ಸಲ್ಲುತ್ತದೆ. ಹಾಗಾಗಿ ಅಲ್ಲಿ ‘ಸುಡುತಣ್ಣಿ’ ಅನ್ನುವ ಮಾತು ಯಾರಿಗೂ ವಿಚಿತ್ರ ಅನಿಸುವುದಿಲ್ಲ. ನಮಗೆ ಅದು ಬಿಸಿ ತಣ್ಣೀರು!

ಹಳ್ಳಿಯದು ಇನ್ನೂ ದೂರದ ಪಯಣ. ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು, ಪಳ್ಳಿ ಹಳ್ಳಿಯಾಯಿತು. ತೆಲುಗಿನಲ್ಲೂ ‘ಪಲ್ಲೆ’ ಅಂದರೆ ಹಳ್ಳಿ. ತಮಿಳಿನಲ್ಲಿ ‘ಪಳ್ಳಿ’ ಅಂದರೆ ಶಾಲೆ. ಮಲಯಾಳದಲ್ಲಿ ಚರ್ಚು ಅಥವಾ ಮಸೀದಿ. ತಮಿಳಿನಲ್ಲಿ ಜೈನ, ಬೌದ್ಧ ಸನ್ಯಾಸಿಗಳ ನೆಲೆಗಳಿಗೆ ಪಳ್ಳಿ ಅನ್ನುತ್ತಿದ್ದರು. ಅಲ್ಲಿ ಪಾಠವೂ ನಡೆಯುತ್ತಿದ್ದುದರಿಂದ ಶಾಲೆ ಅನ್ನುವ ಅರ್ಥ ಬಂತು, ಬೇರೆ ಮತದವರ ಪ್ರಾರ್ಥನೆಯ ಜಾಗ ಅನ್ನುವ ಎಳೆ ಹಿಡಿದು ಮಲಯಾಳದ ಅರ್ಥ ಬಂತು ಅಂತ ಸಾಮಾನ್ಯವಾಗಿ ವಿವರಿಸುತ್ತಾರೆ. ಜನ ಸೇರುವ ಜಾಗ ಅನ್ನುವುದೊಂದು ಎಲ್ಲ ಕಡೆಯೂ ಉಳಿದಿದೆ.

ನಿಜವಾದ ತಲೆನೋವು ಇರುವುದು ಸಂಸ್ಕೃತದಿಂದ ಬಂದ ಪದಗಳಲ್ಲಿ. ಕಾರಣ ಸರಳ. ಇವು ಎಲ್ಲ ಭಾಷೆಯಲ್ಲೂ ಹೆಚ್ಚುಕಮ್ಮಿ ಒಂದೇ ರೂಪದಲ್ಲಿವೆ, ಜೊತೆಗೆ ಸುದ್ದಿ, ಕಾನೂನು, ಸರ್ಕಾರಿ ಕಾಗದಗಳಲ್ಲಿ ತುಂಬಿಕೊಂಡಿವೆ. ಒಂದೊಂದು ಭಾಷೆಯೂ ತನಗೆ ಬೇಕಾದ ಕಾಲಕ್ಕೆ, ಬೇಕಾದ ಕೆಲಸಕ್ಕೆ ಇವನ್ನು ತೆಗೆದುಕೊಂಡಿತು. ವ್ಯವಸಾಯ ಅಂದರೆ ಸಂಸ್ಕೃತದಲ್ಲಿ ಪ್ರಯತ್ನ, ದೃಢವಾದ ಸಂಕಲ್ಪ. ಕನ್ನಡ, ತೆಲುಗುಗಳಲ್ಲಿ ಅದು ಬೇಸಾಯವಾಯಿತು, ತಮಿಳಿನಲ್ಲಿ ‘ವಿವಸಾಯಂ’ ಆಗಿ ಅದೇ ಅರ್ಥ ಉಳಿಸಿಕೊಂಡಿತು. ಮಲಯಾಳದಲ್ಲಿ ಕೈಗಾರಿಕೆ, ಮರಾಠಿ, ಹಿಂದಿಗಳಲ್ಲಿ ವ್ಯಾಪಾರ, ವೃತ್ತಿ. ಯಾವ ಜನಕ್ಕೆ ಯಾವುದು ಮುಖ್ಯ ದುಡಿಮೆ ಅನಿಸಿತೋ ಅದಕ್ಕೆ ಆ ಹೆಸರು ಅಂಟಿಕೊಂಡಿತು ಅನ್ನುವ ಊಹೆ ಚೆನ್ನಾಗಿದೆ, ಆದರೆ ಕೇರಳದವರು ಬೇಸಾಯ ಮಾಡಲಿಲ್ಲವೇ ಅಂತ ಯಾರಾದರೂ ಕೇಳಿದರೆ ಆ ಊಹೆ ನಿಲ್ಲುವುದಿಲ್ಲ. ಸಂಸಾರವನ್ನು ನೋಡಿ: ನಮಗೆ ಕುಟುಂಬ, ತಮಿಳಿನ ಆಡುಮಾತಿನಲ್ಲಿ ಹೆಂಡತಿ, ಹಿಂದಿಯಲ್ಲಿ ಜಗತ್ತು, ಮಲಯಾಳದಲ್ಲಿ ಬರೀ ಮಾತು. ಉಪನ್ಯಾಸ ನಮ್ಮಲ್ಲಿ ಭಾಷಣ, ಮಲಯಾಳದಲ್ಲಿ ಪ್ರಬಂಧ, ಹಿಂದಿ, ಬಂಗಾಳಿಗಳಲ್ಲಿ ಕಾದಂಬರಿ. ಕಾದಂಬರಿ ಅನ್ನುವುದಾದರೂ ಏನು? ಏಳನೆಯ ಶತಮಾನದ ಬಾಣಭಟ್ಟನ ಗದ್ಯಕಾವ್ಯದ ನಾಯಕಿಯ ಹೆಸರು. ಅದನ್ನು ಒಂದಿಡೀ ಸಾಹಿತ್ಯ ಪ್ರಕಾರಕ್ಕೆ ಇಟ್ಟುಕೊಂಡವರು ನಾವು ಮತ್ತು ಮರಾಠಿಗರು.

ರಾಜಕೀಯ ಸುದ್ದಿಗೆ ಬಂದರೆ ಗೊಂದಲ ತಮಾಷೆಯಾಗಿ ಉಳಿಯುವುದಿಲ್ಲ. ಕನ್ನಡದಲ್ಲಿ ರಾಷ್ಟ್ರ ಅಂದರೆ ದೇಶ. ತೆಲುಗಿನಲ್ಲಿ ರಾಷ್ಟ್ರಂ ಅಂದರೆ ರಾಜ್ಯ. ಆಂಧ್ರವೂ ಒಂದು ರಾಷ್ಟ್ರಂ, ತೆಲಂಗಾಣವೂ ಒಂದು ರಾಷ್ಟ್ರಂ. ಆದರೂ ರಾಷ್ಟ್ರಪತಿ ಮಾತ್ರ ಅಲ್ಲೂ ಇಡೀ ದೇಶದ ರಾಷ್ಟ್ರಪತಿಯೇ. ಮಲಯಾಳದಲ್ಲಿ ರಾಜ್ಯಂ ಅಂದರೆ ದೇಶ, ನಮ್ಮ ರಾಜ್ಯಕ್ಕೆ ಅವರು ಹೇಳುವುದು ಸಂಸ್ಥಾನಂ. ನಮಗೆ ಸಂಸ್ಥಾನ ಅಂದ ಕೂಡಲೇ ನೆನಪಾಗುವುದು ಮೈಸೂರು ಅರಸರ ಕಾಲ. ಹಾಗಾಗಿ ಮಲಯಾಳಂ ಪತ್ರಿಕೆಯಲ್ಲಿ ‘ಸಂಸ್ಥಾನ ಸರ್ಕಾರ್’ ಅಂತ ಓದಿ ರಾಜವೈಭವ ಕಲ್ಪಿಸಿಕೊಳ್ಳಬೇಡಿ, ಅದು ರಾಜ್ಯ ಸರ್ಕಾರ.

ಇದಕ್ಕಿಂತ ಸೂಕ್ಷ್ಮವಾದದ್ದು ‘ರಾಷ್ಟ್ರೀಯ’. ಮಲಯಾಳದಲ್ಲಿ ರಾಷ್ಟ್ರೀಯಂ ಅಂದರೆ ರಾಜಕೀಯ. ಅಲ್ಲಿಯ ‘ರಾಷ್ಟ್ರೀಯ ಪಾರ್ಟಿ’ ಯಾವುದೇ ರಾಜಕೀಯ ಪಕ್ಷ, ಒಂದೇ ತಾಲ್ಲೂಕಿನಲ್ಲಿ ಇರುವ ಪಕ್ಷವೂ ಆಗಬಹುದು. ಕನ್ನಡಿಗರಿಗೆ ರಾಷ್ಟ್ರೀಯ ಪಕ್ಷ ಅಂದರೆ ಪ್ರಾದೇಶಿಕ ಪಕ್ಷ ಅಲ್ಲದ್ದು. ‘ಎಲ್ಲ ರಾಷ್ಟ್ರೀಯ ಪಕ್ಷಗಳೂ ಒಪ್ಪಿದವು’ ಅಂತ ಅನುವಾದಿಸಿಬಿಟ್ಟರೆ ಸುದ್ದಿಯೇ ಬದಲಾಯಿತು, ಮತ್ತು ವಾಕ್ಯ ಎಷ್ಟು ಸಹಜವಾಗಿದೆ ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಹಾಗಾದರೆ ರಾಷ್ಟ್ರೀಯ ಅನ್ನುವುದಕ್ಕೆ ಮಲಯಾಳಿಗಳು ಏನು ಹೇಳುತ್ತಾರೆ? ‘ದೇಶೀಯ’. ನಮಗೆ ದೇಶೀಯ ಅಂದರೆ ವಿದೇಶದ್ದಲ್ಲದ್ದು, ದೇಶೀಯ ವಿಮಾನ ಸಂಚಾರ ಇದ್ದ ಹಾಗೆ. ತೆಲುಗಿನವರು ಹೇಳುವುದು ‘ಜಾತೀಯ’. ಜಾತೀಯ ರಹದಾರಿ ಅಂದರೆ ರಾಷ್ಟ್ರೀಯ ಹೆದ್ದಾರಿ, ಜಾತೀಯ ಗೀತಂ ಅಂದರೆ ರಾಷ್ಟ್ರಗೀತೆ. ಬಾಂಗ್ಲಾದೇಶದ ಸಂಸತ್ತಿನ ಹೆಸರೂ ‘ಜಾತೀಯ ಸಂಸದ್’. ಕನ್ನಡದಲ್ಲಿ ಜಾತೀಯ ಅಂದರೆ ಮನಸ್ಸು ನೇರ ಜಾತಿಗೆ ಹೋಗುತ್ತದೆ, ಜಾತೀಯತೆ ಅಂದರೆ ಬೈಗುಳಕ್ಕೆ ಹತ್ತಿರದ ಮಾತು. ತೆಲುಗು ಸುದ್ದಿಯ ‘ಜಾತೀಯ ಪಾರ್ಟಿ’ಯನ್ನು ಹಾಗೇ ಎತ್ತಿ ಕನ್ನಡಕ್ಕೆ ಹಾಕಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಪೂರಾ ಕಾಕತಾಳೀಯ ಅನ್ನುವಂಥವೂ ಇವೆ. ಮೀರು ಕನ್ನಡದಲ್ಲಿ ಕ್ರಿಯೆ, ತೆಲುಗಿನಲ್ಲಿ ‘ನೀವು’. ಸಾಕು ನಮಗೆ ಇಷ್ಟೇ ಸಾಕು, ತೆಲುಗಿನಲ್ಲಿ ನೆಪ. ಚಿನ್ನ ನಮಗೆ ಬಂಗಾರ, ತಮಿಳು, ತೆಲುಗಿನಲ್ಲಿ ಸಣ್ಣದು. ಇಲ್ಲಿ ಹೇಳುವುದಕ್ಕೆ ಜಾಸ್ತಿ ಏನಿಲ್ಲ, ನಕ್ಕು ಮುಂದೆ ಹೋಗಬಹುದು.

ನಗಲಾಗದ್ದು ‘ನೀವು’. ತೆಲುಗಿನಲ್ಲೂ ‘ನೀವು’ ಇದೆ, ಆದರೆ ಅದು ನಮ್ಮ ‘ನೀನು’. ಹಿರಿಯರಿಗೆ ಮರ್ಯಾದೆ ಕೊಡಬೇಕು ಅಂತಲೇ ಕನ್ನಡಿಗನೊಬ್ಬ ಹರಕು ಮುರುಕು ತೆಲುಗಿನಲ್ಲಿ ‘ನೀವು’ ಅಂದರೆ, ಕೇಳುವ ಹಿರಿಯರಿಗೆ ಏಕವಚನ ಕೇಳಿಸುತ್ತದೆ. ಮರ್ಯಾದೆಗೆ ಅಲ್ಲಿ ಬೇಕಾದ್ದು ‘ಮೀರು’. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ. ತುಳುವನ್ನು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಬರೆಯುವುದರಿಂದ ಇಲ್ಲಿ ಲಿಪಿಯೂ ಎಚ್ಚರಿಕೆ ಕೊಡುವುದಿಲ್ಲ. ಓದಿದ ಕನ್ನಡಿಗ ಅಪ್ಪ ಅಮ್ಮನನ್ನು ಅದಲು ಬದಲು ಮಾಡಿಕೊಂಡೇ ಮುಂದೆ ಹೋಗುತ್ತಾನೆ.

ಇಷ್ಟಾದ ಮೇಲೆ ಒಂದು ಜಗಳ ಶುರುವಾಗುತ್ತದೆ: ಯಾರ ಅರ್ಥ ಸರಿ? ಸಂಸ್ಕೃತದಲ್ಲಿ ಶಿಕ್ಷಾ ಅಂದರೆ ಕಲಿಕೆ, ಹಿಂದಿಯವರು ಅದನ್ನು ಉಳಿಸಿಕೊಂಡಿದ್ದಾರೆ, ನೀವು ಅದನ್ನು ದಂಡನೆ ಮಾಡಿದ್ದೀರಿ ಅಂತ ಕೆಲವರು ನಮಗೆ ಪಾಠ ಹೇಳುತ್ತಾರೆ. ನಾವು ಶಿಕ್ಷಣವನ್ನು ಕಲಿಕೆಗೆ, ಶಿಕ್ಷೆಯನ್ನು ದಂಡನೆಗೆ ಅಂತ ಹಂಚಿಕೊಂಡಿದ್ದೇವೆ. ಮರಾಠಿಗರೂ ಹಾಗೇ ಮಾಡಿದ್ದಾರೆ. ಒಂದು ಬೇರಿನಿಂದ ಎರಡು ಕೆಲಸ ಆಯಿತು, ಇದರಲ್ಲಿ ತಪ್ಪೇನು ಬಂತು? ದ್ರಾವಿಡ ಪದಗಳಲ್ಲಿ ಇದೇ ಜಗಳ ಯಾವ ಭಾಷೆ ತಾಯಿ ಅನ್ನುವ ಕಡೆಗೆ ತಿರುಗುತ್ತದೆ. 2025ರ ಮೇ ತಿಂಗಳ ಕೊನೆಗೆ ಚೆನ್ನೈನ ಸಿನಿಮಾ ಕಾರ್ಯಕ್ರಮವೊಂದರಲ್ಲಿ ಕನ್ನಡ ತಮಿಳಿನಿಂದ ಹುಟ್ಟಿತು ಅನ್ನುವ ಮಾತು ಬಂದು ದೊಡ್ಡ ಗಲಾಟೆಯೇ ಆಯಿತು. ತಮಿಳು, ತೆಲುಗು, ಕನ್ನಡ ಒಂದೇ ಬಳಗ ಅಂತ ಮದ್ರಾಸಿನ ಬ್ರಿಟಿಷ್ ಅಧಿಕಾರಿ ಫ್ರಾನ್ಸಿಸ್ ಎಲ್ಲಿಸ್ ಪದಪಟ್ಟಿ ಇಟ್ಟು ತೋರಿಸಿದ್ದು 1816ರಲ್ಲಿ. ಕಾಲ್ಡ್‌ವೆಲ್ ಅನ್ನುವ ಪಾದ್ರಿಯ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬಂದಿದ್ದು 1856ರಲ್ಲಿ. ಅಲ್ಲಿಂದ ಈಚೆಗೆ ನಡೆದ ಕೆಲಸವೆಲ್ಲ ಹೇಳುವುದು, ಇವು ಅಕ್ಕತಂಗಿಯರು, ಒಂದು ಇನ್ನೊಂದರ ಮಗಳಲ್ಲ ಅಂತ. ಸಾಕ್ಷಿ ಬೇಕಾದರೆ ಕಿವಿ ಮುಟ್ಟಿ ನೋಡಿಕೊಳ್ಳಿ. ನಮ್ಮ ಕಿವಿ ತಮಿಳಿನಲ್ಲಿ ಸೆವಿ, ತೆಲುಗಿನಲ್ಲಿ ಚೆವಿ. ಇ, ಎ ಸ್ವರಗಳ ಮುಂದೆ ಕಕಾರ ಚಕಾರವಾಗುವುದು ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಆಗಿದೆ, ಅದರ ಉಲ್ಟಾ ಆಗುವುದು ಬಲು ಅಪರೂಪ. ಇಲ್ಲಿ ಹಳೆಯ ರೂಪ ಉಳಿಸಿಕೊಂಡವರು ನಾವು. ಹಾಗೆಂದು ತಮಿಳು ಕನ್ನಡದಿಂದ ಬಂತು ಅಂತಲೂ ಅಲ್ಲ. ಪಕಾರವನ್ನು ಉಳಿಸಿಕೊಂಡವರು ಅವರು, ಬಿಟ್ಟವರು ನಾವು. ಒಬ್ಬರ ಹತ್ತಿರ ಒಂದು ತುಂಡು, ಇನ್ನೊಬ್ಬರ ಹತ್ತಿರ ಇನ್ನೊಂದು. ಅರ್ಥದ ವಿಷಯದಲ್ಲೂ ಅಷ್ಟೇ.

ಈಗ ಯಂತ್ರಾನುವಾದದ ಮಾತು. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ, ತುಳು ಸೇರಿದ್ದು 2024ರಲ್ಲಿ. ಕೇಂದ್ರ ಸರ್ಕಾರದ ಅನುವಾದ ವೇದಿಕೆ ಭಾಷಿಣಿ 2022ರಿಂದ ಇದೆ. ಐಐಟಿ ಮದ್ರಾಸ್‌ನ ಎಐಫೋರ್‌ಭಾರತ್ ತಂಡ ಇಂಡಿಕ್‌ಟ್ರಾನ್ಸ್ ಅನ್ನುವ ಅನುವಾದ ಯಂತ್ರ ಕಟ್ಟುವಾಗ ಒಂದು ಜಾಣ ಉಪಾಯ ಮಾಡಿತು. ಭಾರತದ ಬೇರೆ ಬೇರೆ ಲಿಪಿಗಳನ್ನು ದೇವನಾಗರಿಗೆ ತಿರುಗಿಸಿಕೊಂಡು ಯಂತ್ರಕ್ಕೆ ಕಲಿಸಿತು. ನಾಲ್ಕು ಲಿಪಿಯಲ್ಲಿ ನಾಲ್ಕಾಗಿ ಕಾಣುವ ಪದ ಆಗ ಒಂದೇ ಆಗಿ ಕಾಣುತ್ತದೆ, ಹೆಚ್ಚು ಪಠ್ಯವಿರುವ ಭಾಷೆಯಲ್ಲಿ ಕಲಿತದ್ದು ಕಡಿಮೆ ಪಠ್ಯವಿರುವ ಭಾಷೆಗೂ ದಕ್ಕುತ್ತದೆ. ಲಾಭ ದೊಡ್ಡದು. ಆದರೆ ಅವಸರ, ಸಂಸಾರ, ರಾಷ್ಟ್ರೀಯಗಳಿಗೂ ಅದೇ ಬಾಗಿಲು ತೆರೆದಂತಾಯಿತು ಅಲ್ವಾ? ಇದು ಯಾವ ಭಾಷೆ ಅನ್ನುವ ಗುರುತನ್ನೂ ಯಂತ್ರಕ್ಕೆ ಕೊಟ್ಟಿರುತ್ತಾರೆ, ಅಕ್ಕಪಕ್ಕದ ಪದಗಳೂ ಇರುತ್ತವೆ. ಹಾಗಾಗಿ ಉದ್ದ ವಾಕ್ಯಗಳಲ್ಲಿ ಅದು ಬಚಾವಾಗುತ್ತದೆ.

ಮನುಷ್ಯರೂ ಬಚಾವಾಗುವುದು ಹಾಗೆಯೇ. ಕನ್ನಡದ ಒಳಗೇ ‘ಮಡಿ’ ನೋಡಿ. ಯೋಧರು ಮಡಿಯುತ್ತಾರೆ, ಸಸಿಗೆ ಮಡಿ ಮಾಡುತ್ತಾರೆ, ಪೂಜೆಗೆ ಮಡಿ ಉಡುತ್ತಾರೆ, ಬಟ್ಟೆ ಮಡಿಸುತ್ತಾರೆ, ಇಮ್ಮಡಿ ಪುಲಕೇಶಿಯಲ್ಲೂ ಒಂದು ಮಡಿ ಇದೆ. ಯಾರೂ ಗೊಂದಲಪಡುವುದಿಲ್ಲ. ಮಲಯಾಳದಲ್ಲಿ ಮಡಿ ಅಂದರೆ ಸೋಮಾರಿತನ. ಅಲ್ಲಿಯ ಅಕ್ಕಪಕ್ಕದ ಪದ ನಮಗೆ ಗೊತ್ತಿಲ್ಲವಾದ್ದರಿಂದ ಅಲ್ಲಿ ಎಡವುತ್ತೇವೆ.

ಯಂತ್ರಕ್ಕೂ ಅಕ್ಕಪಕ್ಕ ಸಿಗದ ಜಾಗಗಳು ಬೇಕಾದಷ್ಟಿವೆ. ಹ್ಯಾಶ್‌ಟ್ಯಾಗ್, ಎರಡು ಪದದ ಶೀರ್ಷಿಕೆ, ಒಂದು ಸೆಕೆಂಡಿನ ಸಬ್‌ಟೈಟಲ್. ಅದಕ್ಕಿಂತ ಕಷ್ಟ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ನಮ್ಮ ಮಾತು. ಅವಸರಂ ಅಂತ ಹಾಗೆ ಟೈಪ್ ಮಾಡಿದರೆ ತಮಿಳು, ತೆಲುಗು, ಮಲಯಾಳಂ ಮೂರರಲ್ಲೂ ಅಕ್ಷರ ಒಂದೇ, ಅರ್ಥ ಮೂರು. ಯಂತ್ರ ಮೊದಲು ಇದು ಯಾವ ಭಾಷೆ ಅಂತ ಊಹಿಸಬೇಕು, ಆಮೇಲೆ ಅರ್ಥ. ಇನ್ನು ಕನ್ನಡದಿಂದ ತೆಲುಗಿಗೆ ಹೋಗುವಾಗ ಎಷ್ಟೋ ಸಲ ನಡುವೆ ಇಂಗ್ಲಿಷಿನಲ್ಲಿ ಇಳಿದು ಹತ್ತುತ್ತಾರೆ. ಆಗ ನೀನು–ನೀವು ವ್ಯತ್ಯಾಸ ಅಲ್ಲೇ ಕಳಚಿ ಬೀಳುತ್ತದೆ, ಆಚೆ ದಡದಲ್ಲಿ ಮೀರು ಬರುತ್ತದೋ ನುವ್ವು (ತೆಲುಗು ಆಡುಮಾತಿನ ‘ನೀನು’) ಬರುತ್ತದೋ ಅದೃಷ್ಟ.

ಅನುವಾದ ಸರಿಯಿದೆಯೇ ಅಂತ ನೋಡಲು ಅನೇಕರು ಮಾಡುವ ಪರೀಕ್ಷೆ ಒಂದಿದೆ: ಬಂದದ್ದನ್ನು ಮತ್ತೆ ವಾಪಸ್ ಅನುವಾದಿಸಿ ನೋಡುವುದು. ಬೇರೆ ತಪ್ಪುಗಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಈ ತಪ್ಪಿಗೆ ಮಾತ್ರ ಮಾಡುವುದಿಲ್ಲ. ಕನ್ನಡದ ‘ಅವಸರ ಇಲ್ಲ’ ತೆಲುಗಿನ ‘ಅವಸರಂ ಲೇದು’ ಆಗಿ ಹೋದರೆ, ಅದೇ ಕೈ ಅದನ್ನು ‘ಅವಸರ ಇಲ್ಲ’ ಅಂತಲೇ ವಾಪಸ್ ತರುವ ಸಾಧ್ಯತೆ ಹೆಚ್ಚು. ಹೋದದ್ದು, ಬಂದದ್ದು ಎರಡೂ ತಾಳೆಯಾಗುತ್ತದೆ. ಮಾಡಿದವರು ಸಮಾಧಾನವಾಗಿ ಕಳಿಸುತ್ತಾರೆ, ಓದಿದ ತೆಲುಗಿನವರು ಆ ಕೆಲಸವೇ ಬೇಡವಂತೆ ಅಂತ ಕೈಬಿಡುತ್ತಾರೆ. ಅನುವಾದವನ್ನು ತೆಲುಗು ಓದುವ ಒಬ್ಬರ ಕೈಗೆ, ಮೂಲ ಕನ್ನಡ ತೋರಿಸದೆ ಕೊಟ್ಟು, ‘ಇದರಲ್ಲಿ ಏನು ಮಾಡಲು ಹೇಳಿದೆ?’ ಅಂತ ಕೇಳಿದರೆ ಮಾತ್ರ ಇದು ಸಿಕ್ಕಿಬೀಳುತ್ತದೆ.